ಒಣಗದ ಬಾಗಿಲು

ಹೋದ ಸಲ ಬಂದಾಗ ಮಕ್ಕಳ ಇಲಾಖೆಯ ಹೋಬರ್ಟ್ ಮೇಡಂ ಅಡುಗೆಮನೆಯಲ್ಲಿ ನಿಂತು, ಇದೇನು ನೆಲಮಾಳಿಗೆಯ ಹಾಗೆ ಕತ್ತಲು, ಮಗು ಹೆದರುವುದಿಲ್ಲವೇ ಎಂದು ಸುಮ್ಮನೆ ಒಂದು ಮಾತು ಅಂದಿದ್ದಳು. ಅದು ರಸೆಲ್‌ನ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಮಗಳು ಮಾರ್ಲಿಯನ್ನು ಅವನ ಮನೆಗೆ ಕಳಿಸಬಹುದೋ ಇಲ್ಲವೋ ಎಂದು ಕೋರ್ಟಿಗೆ ಹೇಳುವವಳು ಅವಳೇ. ಅವನು ಕುಡಿದು ಕೂಗಾಡಿ ಬಚ್ಚಲಿನ ಬಾಗಿಲಿಗೆ ಗುದ್ದಿ ತೂತು ಮಾಡಿದ ದಿನ ಪಕ್ಕದವರು ಪೊಲೀಸರನ್ನು ಕರೆದಿದ್ದರು. ಮಗು ಅವತ್ತಿನಿಂದ ಬೇರೆಯವರ ಮನೆಯಲ್ಲಿತ್ತು.

ಕುಡಿತ ಬಿಟ್ಟಿದ್ದ. ಉಳಿದದ್ದು ಅಡುಗೆಮನೆಯ ಆ ಓಕ್ ಮರದ ಕಪಾಟುಗಳು. ಯಾವ ಕಾಲದ ಬಾಡಿಗೆಯವರೋ ಹಂದಿಮಾಂಸ ಹುರಿದ ಜಿಡ್ಡನ್ನೆಲ್ಲ ಕುಡಿದು ಕಪ್ಪಾಗಿದ್ದವು. ಬಣ್ಣದಂಗಡಿಯಲ್ಲಿ ಗಿರಾಕಿಗಳು ಒಲ್ಲೆ ಎಂದು ಬಿಟ್ಟುಹೋದ, ತಪ್ಪು ಬಣ್ಣ ಕಲಸಿದ ಡಬ್ಬಿಗಳನ್ನು ಮೂಲೆಯಲ್ಲಿಟ್ಟು ಅಗ್ಗಕ್ಕೆ ಮಾರುತ್ತಾರೆ. ಅದರಲ್ಲೊಂದು ಬೆಣ್ಣೆಬಿಳಿ ತಂದು, ಕಪಾಟಿನ ಬಾಗಿಲುಗಳನ್ನು ಬಿಚ್ಚಿಟ್ಟು ಎಲ್ಲಕ್ಕೂ ಬಳಿದ.

ಮನೆಗಳಿಗೆ ಬಣ್ಣ ಹೊಡೆಯುವ ದೊಡ್ಡಪ್ಪನ ಮಗ ಲಾನಿ ಬಂದು ಮುಟ್ಟಿ ನೋಡಿದ.

"ಲೋ, ಜಿಡ್ಡು ತೊಳೆದ್ಯೇನೋ? ಕೇಕಿನ ಮೇಲೆ ಕೆನೆ ಬಳಿದಂಗಿದೆ. ಮೇಲೆ ಒಣಗಿದೆ, ಒಳಗಿನ್ನೂ ಹಸಿ. ಈಗ್ಲೇ ಕೂರಿಸ್ಬೇಡ."

"ನಾಳೆ ಮೇಡಂ ಬರ್ತಾಳೆ ಕಣೋ. ಬಾಗಿಲಿಲ್ದೆ ಇರೋ ಕಪಾಟು ತೋರ್ಸ್ಲಾ?"

"ತೋರ್ಸು. ಅದೇ ವಾಸಿ."

ರಸೆಲ್ ಅವನನ್ನು ಬೈದು ಅಟ್ಟಿ, ಬಾಗಿಲುಗಳನ್ನೆಲ್ಲ ತಿರುಪು ಬಿಗಿದು ಕೂರಿಸಿದ. ಒಳಗೆ ಸೂಪಿನ ಡಬ್ಬಿ, ಕಡಲೆಬೀಜದ ಬೆಣ್ಣೆ, ಮಾರ್ಲಿ ಹಾಲಿಗೆ ಹಾಕಿಕೊಂಡು ತಿನ್ನುವ, ಪುಟ್ಟ ಬಳೆಯಾಕಾರದ ಬಣ್ಣಬಣ್ಣದ ತಿಂಡಿಯ ಪೊಟ್ಟಣ ಎಲ್ಲವನ್ನೂ ಜೋಡಿಸಿಟ್ಟಿದ್ದ.

ಮಾರನೆಯ ದಿನ ಮೇಡಂ ಬಂದವಳೇ ಸುತ್ತ ನೋಡಿ, ನೀವೇ ಮಾಡಿದ್ದಾ, ಚೆನ್ನಾಗಿದೆ ಎಂದಳು. ಆಮೇಲೆ ಅವಳು ಎಲ್ಲ ಮನೆಗಳಲ್ಲೂ ಕೇಳುವುದನ್ನೇ ಕೇಳಿದಳು: ಮಗುವಿನ ಊಟದ ಸಾಮಾನು ಎಲ್ಲಿಟ್ಟಿದ್ದೀರಿ, ತೆರೆದು ತೋರಿಸಿ.

ರಸೆಲ್ ಎಳೆದರೆ ಕಪಾಟಿನ ಬಾಗಿಲು ಬರಲಿಲ್ಲ. ಹಸಿ ಬಣ್ಣ ಚೌಕಟ್ಟಿಗೆ ಅಂಟಿಕೊಂಡಿತ್ತು. ಅವನು ನಕ್ಕು ಪಕ್ಕದ್ದನ್ನು ಎಳೆದ. ಅದೂ ಹಾಗೆಯೇ. ಕಿವಿ ಬಿಸಿಯಾಯಿತು.

"ಒಳಗಿದೆ. ಎಲ್ಲಾ ಇದೆ."

"ನಾನು ಇಲ್ಲ ಅನ್ಲಿಲ್ವಲ್ಲ," ಎಂದಳು ಮೇಡಂ ಮೆಲ್ಲಗೆ. "ಇರ್ಲಿ ಬಿಡಿ, ಇನ್ನೊಂದಿನ ನೋಡೋಣ."

ಇನ್ನೊಂದು ದಿನ! ಕೆಳಗಿನ ಕಪಾಟಿಗೆ ಕಾಲು ಕೊಟ್ಟು ಎರಡೂ ಕೈಯಲ್ಲಿ ಜಗ್ಗಿದ. ತಿರುಪುಗಳು ಮರ ಸೀಳಿಕೊಂಡು ಕಿತ್ತುಬಂದವು. ಬಣ್ಣ ಹಾಲಿನ ಕೆನೆಯಂತೆ ಸುಲಿದು ಹಳೆಯ ಕಪ್ಪು ಹೊರಬಿತ್ತು. ಪೊಟ್ಟಣ ಬಿದ್ದು ಒಡೆದು, ಬಣ್ಣದ ಬಳೆಗಳು ಅವಳ ಬೂಟಿನವರೆಗೂ ಉರುಳಿದವು.

"ಈಗ ನೋಡಿ. ಇದೆಯೋ ಇಲ್ವೋ?"

ಅವಳು ನೆಲ ನೋಡಲಿಲ್ಲ. ಕಿತ್ತ ಬಾಗಿಲನ್ನು ಎತ್ತಿ ಹಿಡಿದ ಅವನ ಕೈಗಳನ್ನೇ ನೋಡುತ್ತ, ಚೀಲದಲ್ಲಿ ಕಾರಿನ ಕೀಲಿಗೆ ತಡಕಾಡುತ್ತ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟಳು.