ಮುಚ್ಚಳದ ಮುಂದಿನ ಚಪ್ಪಲಿ

"ನಿನ್ನ ತಮ್ಮ ಕುಡಿದು ಯಾವ ಮೋರೀಲಿ ಬಿದ್ದಿದಾನೋ ನೋಡೋಕೆ ನಾನೇನು ಅವನ ಹೆಂಡ್ತೀನಾ? ಎತ್ತೇ ಬುಟ್ಟಿ, ಮುಂಡೇದೆ!"

ಮೇಸ್ತ್ರಿ ಬುಟ್ಟಿ ಒದ್ದ. ಬೂದಿಯೆಲ್ಲ ನನ್ನ ಮೈಮೇಲೆ ಹಾರಿತು. ಜೊತೆಯ ಹೆಂಗಸರು ತಲೆ ತಗ್ಗಿಸಿದರು.

ನಾವು ಕರೆಂಟು ಕಂಪನಿಯ ಬೂದಿ ಹೊರುವವರು. ದೇಶಕ್ಕೆಲ್ಲ ಬೆಳಕು ಕೊಡುವ ಕಂಪನಿ ಅದು. ಗೇಟಿನ ಗೋಡೆಯ ಮೇಲೆ ಕಲ್ಲಿದ್ದಲು, ನೀರು, ಗಾಳಿ, ಸೂರ್ಯ ಎಲ್ಲದರ ಚಿತ್ರ ಬರೆಸಿದ್ದಾರೆ. ಅದನ್ನು ಕಂಡಾಗಲೆಲ್ಲ ನನ್ನ ತಮ್ಮ ನನ್ನನ್ನು ಮೊಣಕೈಯಲ್ಲಿ ತಿವಿಯುತ್ತಿದ್ದ. "ಒಂದು ಬಿಟ್ಟಿದಾರೆ ಕಣಕ್ಕ. ನಾವೂ ಚೆನ್ನಾಗೇ ಉರೀತೀವಿ."

"ಬಿಡ್ತು ಅನ್ನೋ," ಎಂದು ಬೈಯುತ್ತಿದ್ದೆ.

ಬಾಯ್ಲರ್ ನಿಲ್ಲಿಸಿದಾಗ ಅದರ ಹೊಟ್ಟೆಗೆ ಇಳಿದು ಬೂದಿ ಕೆರೆಯುವುದೂ ನಮ್ಮದೇ ಕೆಲಸ. ಬೂಟು ಕಾಯಂ ನೌಕರರಿಗೆ ಮಾತ್ರ. ಬೂದಿಯಲ್ಲಿ ಚಪ್ಪಲಿ ಹೂತುಹೋಗುತ್ತದೆಂದು ಒಳಗಿಳಿಯುವ ಕಿಂಡಿಯ ಮುಚ್ಚಳದ ಬಳಿ ಬಿಟ್ಟು ಬರಿಗಾಲಲ್ಲಿ ತೆವಳುತ್ತೇವೆ. ಹೊರಗೆ ಚಪ್ಪಲಿ ಇರುವ ತನಕ ಮುಚ್ಚಳ ಹಾಕುವಂತಿಲ್ಲ. ನಮ್ಮ ಅಪ್ಪಂದಿರ ಕಾಲದಿಂದ ಯಾರೂ ಮೀರದ ಕಟ್ಟಳೆ.

ಹಿಂದಿನ ದಿನ ಮೂಲೆಯ ಬೂದಿ ಕೆರೆಯಲು ತಮ್ಮನೊಬ್ಬನೇ ಒಳಗೆ ಉಳಿದಿದ್ದ. ನಾನು ಬುಟ್ಟಿ ಸುರಿದು ಬರುವಷ್ಟರಲ್ಲಿ ಮುಚ್ಚಳ ಬಿಗಿದಿತ್ತು. ಚಪ್ಪಲಿ ಇರಲಿಲ್ಲ. ಮನೆಗೆ ಹೋಗಿರಬೇಕು ಅಂದುಕೊಂಡೆ. ಮನೆಯಲ್ಲಿ ಅವನ ತಟ್ಟೆ ಬೋರಲಾಗಿಯೇ ಇತ್ತು.

ಮೈಮೇಲಿನ ಬೂದಿ ಕೊಡವಿಕೊಂಡು, ಮೇಸ್ತ್ರಿಯ ಕಣ್ಣು ತಪ್ಪಿಸಿ ಗೇಟಿಗೆ ಹೋದೆ. ಕಾವಲುಗಾರನ ಕೋಣೆಯಲ್ಲಿ ತಮ್ಮನ ಚಪ್ಪಲಿ ಇದ್ದವು. ಕಿತ್ತ ಉಂಗುಷ್ಟವನ್ನು ಕೆಂಪು ವೈರಿನಿಂದ ಕಟ್ಟಿಕೊಟ್ಟವಳು ನಾನೇ. ಒಳಗಿನಿಂದ ಬಂದವರು ಮೆಟ್ಟಿದರೆ ಚಪ್ಪಲಿಯ ಮೇಲೆ ಬೂದಿಯ ಪಾದ ಮೂಡಿರುತ್ತದೆ. ಇದರ ಮೇಲೆ ಬೆವರಿನ ಹಳೇ ಕಲೆ ಮಾತ್ರ. ಎರಡನ್ನೂ ಕೈಗೆತ್ತಿಕೊಂಡೆ.

"ಇಲ್ಲಿಗೆ ಹೇಗೆ ಬಂತು?"

"ಮೇಸ್ತ್ರಿ ಇಟ್ಟು ಹೋದ್ರು. ನಿನ್ನ ತಮ್ಮ ಮರೆತು ಹೋದ ಅಂದ್ರು."

"ಬರಿಗಾಲಲ್ಲಿ ಹೋದ್ನಾ? ನೀನು ನೋಡಿದ್ಯಾ?"

"ನನ್ನ ಹೊಟ್ಟೆ ಮೇಲೆ ಹೊಡೀಬೇಡ ತಾಯಿ." ಅವನು ಮುಖ ತಿರುಗಿಸಿದ.

ಅಂದು ಸೂರ್ಯನ ಕರೆಂಟಿನ ಉದ್ಘಾಟನೆ. ಆಕಾಶದ ತುಂಬ ಮೋಡ. ಸಮಾರಂಭದ ದೀಪಗಳಾದರೂ ಉರಿಯಬೇಕಲ್ಲ, ಅದಕ್ಕೇ ಬಾಯ್ಲರ್ ಹಚ್ಚುವ ಅವಸರ. ಇಂಜಿನಿಯರ್ ಸಾಹೇಬನ ರೂಮಿಗೆ ಹೋದೆ. ಅವನು ಕನ್ನಡಿ ಮುಂದೆ ತಲೆ ಬಾಚುತ್ತಿದ್ದ. ಪಕ್ಕದಲ್ಲೇ ಮೇಸ್ತ್ರಿ.

"ಚಪ್ಪಲಿ ಹಿಡ್ಕೊಂಡು ನನ್ನ ರೂಮಿಗೆ ಬರ್ತೀಯಾ?"

"ಮುಚ್ಚಳ ಒಂದ್ಸಲ ತೆಗೆಸಿ ಸ್ವಾಮಿ. ನೋಡ್ಬಿಡ್ತೀನಿ."

"ದೊಡ್ಡ ಸಾಹೇಬ್ರು ಬರೋ ಹೊತ್ತು. ನಿಮ್ಮಲ್ಲಿ ಒಬ್ಬ ಕಡಿಮೆಯಾದ್ರೆ ಯಾರಿಗೆ ಗೊತ್ತಾಗುತ್ತೆ? ಎಲ್ಲಾ ಒಂದೇ ಬಣ್ಣ."

ಅವನು ನಕ್ಕ. ಮೇಸ್ತ್ರಿಯೂ ನಕ್ಕ. ಆದರೆ ಮೇಸ್ತ್ರಿಯ ಕಣ್ಣು ನನ್ನ ಕೈಯಲ್ಲಿದ್ದ ಚಪ್ಪಲಿಯ ಮೇಲೇ ಇತ್ತು.

ಸೀದಾ ಬಾಯ್ಲರ್ ಬಳಿಗೆ ನಡೆದೆ. ಹೆಂಗಸರು ಹಿಂದೆ ಬಂದರು. ಮುದುಕ ಫಿಟ್ಟರ್ ನನ್ನನ್ನೂ ಚಪ್ಪಲಿಯನ್ನೂ ನೋಡಿದ. ಸ್ಪ್ಯಾನರನ್ನು ನೆಲಕ್ಕಿಟ್ಟು ಬೀಡಿ ಹಚ್ಚಲು ಆಚೆ ಹೋದ. ನಾನು ಅದನ್ನೆತ್ತಿ ಬೋಲ್ಟು ಬಿಚ್ಚಿ, ತಮ್ಮನ ಚಪ್ಪಲಿಯನ್ನು ಮುಚ್ಚಳದ ಮುಂದಿಟ್ಟು, ಪಕ್ಕದಲ್ಲಿ ನನ್ನವನ್ನೂ ಬಿಟ್ಟು ಒಳಗೆ ತೆವಳಿದೆ.

ಮೂಲೆಯಲ್ಲಿ ಬೂದಿಯ ಗುಡ್ಡ ಜರಿದು ಬಿದ್ದಿತ್ತು. "ತಮ್ಮಾ!" ಎಂದು ಕೂಗಿದೆ. ಎರಡೂ ಕೈಯಿಂದ ಬಗೆಯತೊಡಗಿದೆ.

"ಬಾರೇ ಹೊರಗೆ, ರಂಡೆ! ಬೆಂಕಿ ಹಾಕಿಸ್ತೀನಿ!" ಮೇಸ್ತ್ರಿಯ ದನಿ. ಚಪ್ಪಲಿ ಒದ್ದದ್ದೂ ಕೇಳಿಸಿತು.

ಆಮೇಲೆ ಕಬ್ಬಿಣದ ಮೇಲೆ ಇನ್ನೊಂದು ಜೊತೆ ಚಪ್ಪಲಿ ಬಿತ್ತು. ಮತ್ತೊಂದು ಜೊತೆ. ಮತ್ತೂ ಒಂದು.

"ಒದಿಯೋ ಬೋಳಿಮಗನೇ, ಎಷ್ಟು ಒದೀತೀಯೋ ನೋಡೇಬಿಡೋಣ," ಎಂದಳು ಒಬ್ಬಳು.

ಕತ್ತಲಲ್ಲಿ ನನ್ನ ಅಕ್ಕಪಕ್ಕ ಕೈಗಳು ಬೂದಿ ಬಗೆಯತೊಡಗಿದವು. ನನ್ನ ಕೈಗೆ ಒಂದು ಬರಿಗಾಲು ಸಿಕ್ಕಿತು. ಬಿಗಿಯಾಗಿ ಹಿಡಿದುಕೊಂಡೆ. ಬೂದಿ ಬೆಚ್ಚಗಿತ್ತು. ಕಾಲೂ ಬೆಚ್ಚಗಿತ್ತೋ ಇಲ್ಲವೋ ತಿಳಿಯಲಿಲ್ಲ.