ಚುಕ್ಕೆ ಬೇಕೆಂದ ಯಂತ್ರ

ಯಂತ್ರಕ್ಕೆ ಸಿಕ್ಕಿ ಶೇಷಮ್ಮನ ಎರಡು ಬೆರಳು ಹೋದ ಮೇಲೆ ಪ್ರಶಾಂತ ಎಲ್ಲರ ಹತ್ತಿರ ಒಂದೇ ಮಾತು ಹೇಳಿಕೊಂಡು ತಿರುಗಿದ: "ಮಾತಾಡ್ತಾ ಕೈ ಹಾಕಿದ್ದಾಳೆ." ನೆಮ್ಮಾರಿನ ಅಡಿಕೆ ಸುಲಿಯುವ ಹೆಂಗಸರೆಲ್ಲ ಅದನ್ನೇ ನಂಬಿದರು. ಅವಳ ಗಂಡ ನಂಬಿದ. ಕೊನೆಗೆ ಅವಳೂ ನಂಬಿದಳು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಪ್ರಶಾಂತನಿಗೆ ನರಸಿಂಹರಾಜಪುರದಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುವ ವರ್ಕ್‌ಶಾಪ್ ಇದೆ. ಕೈ ಬ್ಲೇಡಿನ ಹತ್ತಿರ ಬಂದರೆ ಯಂತ್ರ ನಿಲ್ಲಿಸುವ ಬೋರ್ಡನ್ನು ಕೊಪ್ಪದ ನನ್ನ ಅಂಗಡಿಯಲ್ಲಿ ನಾನೇ ಮಾಡಿಕೊಟ್ಟಿದ್ದೆ. ಅದರ ಚಿಪ್ ಅಗ್ಗದ್ದು. ಪೂರ್ಣಸಂಖ್ಯೆ ಕೊಟ್ಟರೆ ಚಕಚಕ ಕೂಡಿ ಕಳೆಯುತ್ತದೆ. ದಶಾಂಶದ ಲೆಕ್ಕ ಮಾಡುವ ಭಾಗವೇ ಅದರೊಳಗಿಲ್ಲ. ಬಲವಂತ ಮಾಡಿದರೆ ಒಂದೊಂದು ಭಾಗಾಕಾರಕ್ಕೂ ನೂರಾರು ಹೆಜ್ಜೆ ಹಾಕಿ ತಿಣುಕುತ್ತದೆ. ಅದಕ್ಕೇ ನಾನು ಇಪ್ಪತ್ತನಾಲ್ಕೂವರೆ ಮಿಲಿಮೀಟರನ್ನು 24.5 ಎನ್ನದೆ, ಚುಕ್ಕೆ ಬಿಟ್ಟು 245 ಎಂದೇ ಬರೆದಿದ್ದೆ; ಡಿಸ್ಪ್ಲೇಯಲ್ಲೂ ಹಾಗೇ ಕಾಣುತ್ತಿತ್ತು.

ಬೆಳೆಗಾರರಿಗೆ ಅದು ಹಿಡಿಸಲಿಲ್ಲ. ಮಂಡಿಯ ತೂಕದ ಯಂತ್ರದಲ್ಲಿ ಚುಕ್ಕೆ ಇದೆ, ಇದರಲ್ಲಿ ಯಾಕಿಲ್ಲ, ಡೂಪ್ಲಿಕೇಟ್ ಇರಬೇಕು ಎಂದರಂತೆ. ಪ್ರಶಾಂತ ಇನ್ಯಾರನ್ನೋ ಹಿಡಿದು ಒಳಗಿನ ಲೆಕ್ಕವನ್ನೆಲ್ಲ ದಶಾಂಶಕ್ಕೆ ಬದಲಿಸಿದ. ಹಾಗೆ ಬದಲಿಸಿದ ಮೊದಲ ಯಂತ್ರವೇ ನೆಮ್ಮಾರಿಗೆ ಹೋಯಿತು. ಅಯ್ಯೋ ಪುಣ್ಯಾತ್ಮ, ಲೆಕ್ಕವನ್ನು ಹಾಗೇ ಬಿಟ್ಟು ಡಿಸ್ಪ್ಲೇ ಮೇಲೆ ಒಂದು ಚುಕ್ಕೆ ಇಟ್ಟಿದ್ದರೆ ಸಾಕಿತ್ತು!

ಮೊನ್ನೆ ಶೇಷಮ್ಮನನ್ನು ಕರೆದುಕೊಂಡು ಅವನ ವರ್ಕ್‌ಶಾಪಿಗೇ ಹೋದೆ. ಅಲ್ಲಿದ್ದ ಒಂದು ಯಂತ್ರಕ್ಕೆ ನನ್ನ ಹಳೆಯ ಬೋರ್ಡು ಜೋಡಿಸಿ, ಒಂದು ಸೌತೆಕಾಯಿಯನ್ನು ಬ್ಲೇಡಿನ ಕಡೆ ತಳ್ಳಿದೆ. ಗೀರು ಬೀಳುವ ಮೊದಲೇ ಯಂತ್ರ ನಿಂತಿತು. ಆಮೇಲೆ ಅವನು ಬದಲಿಸಿದ ಬೋರ್ಡು ಜೋಡಿಸಿದೆ. ಸೌತೆಕಾಯಿಯ ತುದಿ ತುಂಡಾಗಿ ಅವನ ಕಾಲಬುಡಕ್ಕೆ ಬಿತ್ತು.

"ನಂದು ಸೆಕೆಂಡಿಗೆ ಐನೂರು ಸಲ ಕೈ ಎಲ್ಲಿದೆ ಅಂತ ನೋಡ್ತಿತ್ತು. ನಿಂದು ಹತ್ತು ಸಲ. ಇವ್ಳು ಮಾತಾಡಿದ್ಲಂತೆ! ನಾಚಿಕೆ ಆಗಲ್ವೇನೋ ಮಾರಾಯ?"

ಅವನು ಸೌತೆಯ ತುಂಡನ್ನು ಕಾಲಿನಿಂದ ಸರಿಸಿದ. ಆಮೇಲೆ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದ.

"ಹೊಸ ಪ್ರೋಗ್ರಾಮ್ ಹಾಕೋ ಮೊದ್ಲು ಫೈಲು ನಿಮಗೆ ಕಳ್ಸಿದ್ನಲ್ಲ, ವನಮಾಲಕ್ಕ. ನೀವೇ ಓಕೆ ಅಂದಿದ್ರಿ."

ಅಂದಿದ್ದೆ. ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ಫೈಲು ತೆರೆಯದೆಯೇ, ಪೀಡೆ ತೊಲಗಲಿ ಎಂದು ಓಕೆ ಕಳಿಸಿ ಮರೆತೇಬಿಟ್ಟಿದ್ದೆ. ಅವನ ಮೇಲಿದ್ದ ಸಿಟ್ಟು ಒಂದು ಚೂರೂ ಇಳಿಯಲಿಲ್ಲ. ಅಷ್ಟೇ ಸಿಟ್ಟು ನನ್ನ ಮೇಲೂ ಬಂತು.

"ತಪ್ಪು ನಿಂದಲ್ಲ ಶೇಷಮ್ಮ," ಎಂದೆ. "ಇವಂದು. ನಂದೂ."

ಅವಳು ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ನಮ್ಮಿಬ್ಬರನ್ನೂ ನೋಡಿದಳು.

"ಇಲ್ಲಿ ನಂಗೊಬ್ಳಿಗೆ ಹೇಳಿ ಎಂತ ಮಾಡೋದು? ಸುಲಿಯೋ ಅಂಗಳಕ್ಕೆ ಬನ್ನಿ, ಇಬ್ರೂ. ನಮ್ಮನೆಯೋರೂ ಅಲ್ಲೇ ಇರ್ತಾರೆ. ಎಲ್ರ ಎದುರು ಹೇಳಿ."

"ಬರೋಣ, ಬರೋಣ," ಎಂದು ಪ್ರಶಾಂತ ತಡವರಿಸಿದ. "ನಾಳೆ ನಾಡಿದ್ದರಲ್ಲಿ..."

"ಈಗ್ಲೇ," ಎಂದಳು ಶೇಷಮ್ಮ. ಹೋಗಿ ಅವನ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.