ಲಿಂಬಣ್ಣನ ಮುಂದೆ ನೀಲವ್ವ

ನಮ್ಮ ಚಾನೆಲ್ಲಿನ ಯಜಮಾನ ಅನಿಲನ ತಲೆಯಲ್ಲಿ ಸೆಗಣಿ ತುಂಬಿದೆ ಎಂದು ನಾನು ಹೇಳುವುದಿಲ್ಲ. ಸೆಗಣಿಯಾಗಿದ್ದರೆ ಕುಳ್ಳಾದರೂ ತಟ್ಟಬಹುದಿತ್ತು. ಲಿಂಬೆಗೆ ಹೆಸರಾದ ಇಂಡಿ ಊರಿನಿಂದ ನಡೆಯುವ ಆ ಕೇಬಲ್ ಚಾನೆಲ್ಲಿಗೆ ಅನ್ನ ಹಾಕಿದ್ದು ನಾನು ಬರೆಯುವ ಹಾಸ್ಯ ಧಾರಾವಾಹಿ. ಅದರ ನಾಯಕಿ ಜಗಳಗಂಟಿ ನೀಲವ್ವ. ಸಿಂದಗಿಯಿಂದ ಬಾಗೇವಾಡಿಯವರೆಗೆ ಬಾಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಆ ಪಾತ್ರ ಮಾಡುವವರು ನಾಲತವಾಡದ ಬಿಬಿಜಾನ, ನಾಟಕ ಕಂಪನಿಯಲ್ಲಿ ಪಳಗಿದ ಹೆಂಗಸು.

ಅನಿಲ ಈಚೆಗೆ ಒಂದು ಕಾರ್ಟೂನು ಮಾಡಿಸಿದ್ದ. ಹೆಸರು ಲಿಂಬಣ್ಣ. ಒಂದು ಲಿಂಬೆಹಣ್ಣು, ಅದಕ್ಕೆ ಕೈಕಾಲು, ಮೇಲೊಂದು ಕರಿ ಕನ್ನಡಕ. ಥೂ! ಅದು ನೀಲವ್ವನ ಮನೆಗೆ ಬಂದು ಜಗಳಾಡಿ ಅವಳ ಬಾಯಿ ಮುಚ್ಚಿಸಬೇಕಂತೆ. ಆಮೇಲೆ ಧಾರಾವಾಹಿ ಲಿಂಬಣ್ಣನದು, ಬಿಬಿಜಾನ ಮನೆಗೆ. ಕಾರ್ಟೂನು ಸಂಬಳ ಕೇಳುವುದಿಲ್ಲ, ಚಹಾನೂ ಕೇಳುವುದಿಲ್ಲ ಎಂದು ಅನಿಲ ಹಲ್ಲು ಕಿರಿದ. ನಾನು ಬರೆಯುವುದಿಲ್ಲ ಎಂದೆ. ತಾನೇ ಬರೆದ. ಓದಿದರೆ ವಾಕರಿಕೆ ಬರುತ್ತಿತ್ತು.

ಚಿತ್ರೀಕರಣ ಮುದ್ದೇಬಿಹಾಳದಲ್ಲಿ, ನೀಲವ್ವನ ಮನೆಯೆಂದು ತೋರಿಸಲು ಕೇಳಿ ಪಡೆದ ಶಂಕ್ರೆವ್ವ ಎಂಬ ಹಿರಿಯರ ಮನೆಯಲ್ಲಿ. ಲಿಂಬಣ್ಣನನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುವುದು. ಅಲ್ಲಿಯವರೆಗೆ ಬಿಬಿಜಾನ ಎಲ್ಲಿ ನೋಡಿ ಮಾತಾಡಬೇಕು? ಅದಕ್ಕೆ ಅನಿಲ ಒಂದು ನಿಜವಾದ ಲಿಂಬೆಹಣ್ಣು ತಂದು, ಕಣ್ಣಿನ ಜಾಗ ತಿಳಿಯಲೆಂದು ಕುಂಕುಮದ ಎರಡು ಬೊಟ್ಟಿಟ್ಟು, ಹೊಸ್ತಿಲ ಮೇಲೆ ಕೂರಿಸಿದ. ಈ ಸೀಮೆಯಲ್ಲಿ ಹುಟ್ಟಿ ಬೆಳೆದವನು ಮಾಡುವ ಕೆಲಸವೇ ಅದು?

ಒಳಗಿಂದ ಬಂದ ಶಂಕ್ರೆವ್ವ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ನನ್ನ ಮನಿಗಿ ಮಾಟಾ ಮಾಡಾಕ ಬಂದೀರೇನು? ಒಳಗ ಬಸುರಿ ಸೊಸಿ ಅದಾಳ."

ಕ್ಯಾಮೆರಾದವನು ಓಣಿಗೆ ಓಡಿದ. ಇದು ಬರೀ ಕಾರ್ಟೂನು ಎಂದು ಅನಿಲ ತೊದಲಿದ. ಹಾಗಿದ್ದರೆ ತೆಗೆದು ಒಗೆ ಎಂದರು ಶಂಕ್ರೆವ್ವ. ಅನಿಲ ಕೈ ಚಾಚಿದ, ಹಿಂದಕ್ಕೆ ಎಳೆದುಕೊಂಡ. ತಾನೇ ತಂದ ಹಣ್ಣು, ತಾನೇ ಇಟ್ಟ ಬೊಟ್ಟು, ಆದರೂ ಮುಟ್ಟಲು ಗುಂಡಿಗೆಯಿಲ್ಲ. ಇಂಥವನ ಕೈಯಲ್ಲಿ ನಮ್ಮ ಹೊಟ್ಟೆಪಾಡು!

ಬಿಬಿಜಾನ ಮುಂದೆ ಬಂದು ಹಣ್ಣು ಎತ್ತಿಕೊಂಡರು. ನೀರಲ್ಲಿ ತೊಳೆದು, ಹೆಚ್ಚಿ, ತಂಬಿಗೆಯ ನೀರಿಗೆ ಹಿಂಡಿ, ಸಕ್ಕರೆ ಕಲಕಿ, ಶಂಕ್ರೆವ್ವನವರ ಎದುರೇ ಗಟಗಟ ಕುಡಿದರು. ಆ ಹಿರಿಯ ಜೀವಕ್ಕೆ ಉಸಿರು ಬಂತು. ಉಳಿದದ್ದನ್ನು ಬಿಬಿಜಾನ ಅನಿಲನ ಮುಂದೆ ಹಿಡಿದರು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ನಿಮ್ಮ ಲಿಂಬಣ್ಣನ್ನ ಕುಡದೇನ್ರಿ," ಎಂದರು ಬಿಬಿಜಾನ. "ಇನ್ನ ಯಾರ ಕೂಡ ಜಗಳಾಡ್ಲಿ, ಹೇಳ್ರಿ."